ದೃಷ್ಟಿ ಮೀನು

ಜೂನ್ 9, ಸೋಮವಾರ

ಮೀನಿನ ತಿನಿಸಿನ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿತ್ತು. ಇವತ್ತು ಮನೆಗೆ ತಂದೆ. ದಿನವಿಡೀ ಗಿರಾಕಿಗಳ ಹತ್ತಿರ ಬಾಯಿ ಸವೆಸುವ ನನಗೆ ಮನೆಗೆ ಬಂದ ಮೇಲೆ ಮಾತಾಡಲು ಭಯವಾಗುತ್ತಿದೆ. ಅದಕ್ಕೆ ಬರೆಯೋಣ ಎಂದು.

ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುತ್ತಲೇ ಇಡ್ಲಿ ಗಾಡಿಯ ಮಂಗೈ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಸತ್ತ ಕಪ್ಪು ಗೋಲ್ಡ್ ಫಿಶ್. ಕಣ್ಣಲ್ಲಿ ನೀರು.

"ಅಂಜಲೈ ಅಕ್ಕಾ, ನಿನ್ನೆ ಚೆನ್ನಾಗೇ ಆಡ್ಕೊಂಡಿತ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಹಿಂಗೆ."

"ಅಳ್ಬೇಡಮ್ಮ. ನಿಮ್ಮನೆಗೆ ಬರ್ಬೇಕಾಗಿದ್ದ ಕಂಟಕಾನ ಅದು ತಗೊಂಡು ಹೋಯ್ತು ಅನ್ಕೋ."

ಸಾಕುವ ಮೀನು ಮಾರುವ ಅಂಗಡಿಗಳೇ ಸಾಲಾಗಿರುವ ಕೊಳತ್ತೂರಿನ ಈ ಬೀದಿಯಲ್ಲಿ ಯಾವುದಕ್ಕೆ ಹೋದರೂ ಇದೇ ಮಾತು. ಕಪ್ಪು ಮೀನಿಗೆ ನಾವೆಲ್ಲ ದೃಷ್ಟಿ ಮೀನು ಎನ್ನುತ್ತೇವೆ. ಬಂಗಾರದ ಬಣ್ಣದವುಗಳ ನಡುವೆ ಒಂದು ಕಪ್ಪು ಬಿಟ್ಟರೆ ಮನೆಗೆ ತಾಗಿದ ಕೆಟ್ಟ ಕಣ್ಣನ್ನೆಲ್ಲ ಅದು ಎಳೆದುಕೊಳ್ಳುತ್ತದಂತೆ. ಸತ್ತರೆ ಕಂಟಕ ಕಳೆಯಿತು, ಬದುಕಿದರೆ ಕಂಟಕವೇ ಇರಲಿಲ್ಲ. ಎರಡು ಕಡೆಯಿಂದಲೂ ಅಂಗಡಿಯವನೇ ಗೆದ್ದ. ನಮ್ಮ ಓನರ್ ದನಪಾಲ್ ಅಣ್ಣ ನಾನು ಕೆಲಸಕ್ಕೆ ಸೇರಿದ ದಿನವೇ ಪಾಠ ಹೇಳಿದ್ದರು: "ಮೊದ್ಲು ಸಮಾಧಾನ ಹೇಳು, ಆಮೇಲೆ ಇನ್ನೊಂದು ಮೀನು ತೋರ್ಸು."

ಸಮಾಧಾನವನ್ನೇನೋ ಹೇಳುತ್ತೇನೆ. ಆದರೆ ನೀರು ಯಾವಾಗ ಬದಲಾಯಿಸಿದಿರಿ ಎಂದು ಕೇಳದೆ ಬಿಡುವವಳಲ್ಲ ನಾನು. ಮಂಗೈ ನೀರನ್ನು ಮುಟ್ಟಿಯೇ ಇರಲಿಲ್ಲ. ಸಾಲದ್ದಕ್ಕೆ ಉಳಿದ ಇಡ್ಲಿಯನ್ನು ಪುಡಿ ಮಾಡಿ ಹಾಕುತ್ತಿದ್ದಳಂತೆ.

"ಇಡ್ಲಿ ಹಾಕಿದ್ಯಾ? ಸಾಂಬಾರ್ ಯಾಕೆ ಬಿಟ್ಟೆ, ಪಾಪ!" ಎಂದೆ. ಅಳುತ್ತಿದ್ದವಳು ನಕ್ಕುಬಿಟ್ಟಳು. ಹೋಗುವಾಗ, "ಹೌದಕ್ಕ, ಮೊನ್ನೆ ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ರು, ಒಂದು ಮೂಳೇನೂ ಮುರೀಲಿಲ್ಲ. ಇದೇ ಇರ್ಬೇಕು" ಎಂದಳು. ಇರಬೇಕು, ಇರಬೇಕು. ಇಡ್ಲಿ ತಿಂದು ಸತ್ತ ಮೀನು ಅತ್ತೆಯ ಸೊಂಟ ಉಳಿಸಿತು.

ಮನೆಗೆ ಬಂದು ಮಾವನಿಗೆ ಇದನ್ನು ಹೇಳಿ ನಗಿಸಬೇಕು ಎಂದುಕೊಂಡೆ. ಅವರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಕರೆದಾಗ ಈ ಕಡೆ ಹೊರಳಿದರು. ಕಣ್ಣಿನ ಬಿಳುಪೆಲ್ಲ ಅರಿಶಿನವಾಗಿತ್ತು.

ಜೂನ್ 13, ಶುಕ್ರವಾರ

ದೊಡ್ಡಾಸ್ಪತ್ರೆ. "ಪೇಷೆಂಟ್‌ಗೆ ನೀವೇನಾಗ್ಬೇಕು?" ಎಂದು ಕೇಳಿದಳು ನರ್ಸ್.

"ಹೆಂಡ್ತಿ."

"ಮತ್ತೆ ಮಾವ ಮಾವ ಅಂತಿದ್ದೀರಲ್ಲ?"

"ಅಮ್ಮನ ತಮ್ಮನ್ನೇ ಕಟ್ಕೊಂಡಿರೋದು. ಮಗು ಇದ್ದಾಗಿಂದ ಮಾವ ಅಂತಾನೇ ಬಾಯಿಗೆ ಬಂದಿದೆ. ತಾಳಿ ಕಟ್ಟಿದ್ರು ಅಂತ ಹೊಸ ಹೆಸ್ರು ಎಲ್ಲಿಂದ ತರ್ಲಿ?"

ಡಾಕ್ಟರ್ ಹುಡುಗನಿಗೆ ನಗುವುದಕ್ಕೆ ಪುರುಸೊತ್ತಿರಲಿಲ್ಲ. "ಕುಡೀತಾರಾ?" ಎಂದ. ಇಲ್ಲ ಎಂದೆ. "ಎಷ್ಟು ವರ್ಷದಿಂದ ಕುಡೀತಾರೆ?" ಎಂದ.

ಮಾವನಿಗೆ ರೇಗಿತು. "ಸ್ವಾಮಿ, ನಾನು ಮೀನಿನ ಟ್ಯಾಂಕ್ ಕಟ್ಟೋನು. ಗಾಜು ಕೊಯ್ಯೋವಾಗ ಕೈ ನಡುಗಿದ್ರೆ ಬೆರಳೇ ಹೋಗುತ್ತೆ. ಎಣಿಸ್ಕೊಳ್ಳಿ, ಎಲ್ಲಾ ಇದೆ" ಎಂದು ಎರಡೂ ಕೈ ಚಾಚಿದರು. ಬೆರಳಿನ ತುಂಬ ಹಳೆಯ ಗಾಯದ ಬಿಳಿ ಗೆರೆಗಳು.

ಯಾವಾಗಲೋ ಬಂದ ಕಾಮಾಲೆ ಒಳಗೇ ಉಳಿದು ಲಿವರನ್ನು ತಿಂದಿದೆಯಂತೆ. ಹೊಟ್ಟೆಯಲ್ಲಿ ನೀರು ತುಂಬಿತ್ತು, ಸೂಜಿ ಹಾಕಿ ತೆಗೆದರು. ಇನ್ನು ಮೇಲೆ ಉಪ್ಪು ಬಿಡಬೇಕು, ಕುಡಿಯುವ ನೀರೂ ಅಳತೆ. ದಿನಕ್ಕೆ ಒಂದು ಸಣ್ಣ ಚೊಂಬು, ಅಷ್ಟೇ.

ಆಮೇಲೆ ಡಾಕ್ಟರ್ ನನ್ನೊಬ್ಬಳನ್ನೇ ವರಾಂಡಕ್ಕೆ ಕರೆದ. "ಹೊಸ ಲಿವರ್ ಹಾಕೋ ಸ್ಥಿತೀನೂ ದಾಟಿದೆ ಅಮ್ಮ. ಮನೇಲಿಟ್ಕೊಂಡು ಚೆನ್ನಾಗಿ ನೋಡ್ಕೊಳ್ಳಿ" ಎಂದ. ಮೃದುವಾಗಿಯೇ ಹೇಳಿದ. ಉಳಿಯದ ಮೀನನ್ನು ಗಿರಾಕಿ ತಂದು ತೋರಿಸಿದಾಗ ನಾನೂ ಇದೇ ದನಿಯಲ್ಲಿ ಮಾತಾಡುತ್ತೇನೆ.

ಮಾವನಿಗೆ ಹೇಳಿಲ್ಲ. ಹೇಗೆ ಹೇಳಲಿ?

ಜೂನ್ 17, ಮಂಗಳವಾರ

ಸಂಜೆ ಅಂಗಡಿ ಬಿಡುವಾಗ ದನಪಾಲ್ ಅಣ್ಣ ಒಂದು ಚೀಲ ಕೈಗಿಟ್ಟರು. ಒಳಗೆ ಕಪ್ಪು ಮೀನು, ಕಣ್ಣು ಎರಡೂ ಹೊರಗೆ ಉಬ್ಬಿದ ಗುಬುಟು, ಬಾಲ ರೇಷ್ಮೆ ಸೀರೆಯ ಸೆರಗಿನ ಹಾಗೆ.

"ಇದೇನಣ್ಣ, ನಮ್ಮ ಸರಕು ನಮಗೇ ಮಾರ್ತೀರಾ?" ಎಂದೆ.

"ದುಡ್ಡು ಕೇಳಿದ್ನಾ? ಮನೇಲಿರ್ಲಿ ಬಿಡಮ್ಮ. ನಿನ್ನ ಗಂಡ ಕೋದಂಡಂ ಕಟ್ಟಿದ ಟ್ಯಾಂಕ್ ಮೇಲೆ ನನ್ನಂಗಡಿ ನಿಂತಿದೆ. ನನ್ನ ಸಮಾಧಾನಕ್ಕೆ ತಗೊಂಡು ಹೋಗು" ಎಂದವರು ನನ್ನ ಮುಖ ನೋಡಲಿಲ್ಲ.

ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಮೀನು ಸಾಕಿದ್ದಿಲ್ಲ. ಹಗಲೆಲ್ಲ ಅದರ ಮುಖವನ್ನೇ ನೋಡಿ ಮನೆಯಲ್ಲೂ ಅದೇನಾ ಎಂದು. ಅಟ್ಟದ ಮೇಲೆ ಹಳೆಯ ಪಾತ್ರೆ ತುಂಬಿಟ್ಟಿದ್ದ ತೊಟ್ಟಿಯನ್ನು ಇಳಿಸಿದೆ. ಮಾವ ನಮ್ಮ ಮದುವೆಯಾದ ವರ್ಷ ಕಟ್ಟಿದ್ದು. ಅಂಚಿನ ಮೇಲೆ ಬೆರಳಾಡಿಸಿ, "ನೋಡು, ಒಂದು ಕಡೆ ಬಿಟ್ಕೊಂಡಿಲ್ಲ" ಎಂದರು.

ಎಲ್ಲವನ್ನೂ ಗಿರಾಕಿಗಳಿಗೆ ಹೇಳುವ ಹಾಗೇ ಮಾಡಿದೆ. ಬೀದಿಗೆ ಬರುವ ಟ್ಯಾಂಕರ್ ಲಾರಿಯ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಹಾಗೇ ಸುರಿದರೆ ಮೀನಿನ ಕಿವಿರು ಸುಟ್ಟುಹೋಗುತ್ತದೆ. ಆದ್ದರಿಂದ ನಿನ್ನೆಯೇ ಬಿಂದಿಗೆಯಲ್ಲಿ ಹಿಡಿದಿಟ್ಟಿದ್ದ ನೀರನ್ನು ತುಂಬಿದೆ. ಚಿಟಿಕೆ ಕಲ್ಲುಪ್ಪು. ಗಾಳಿ ಮೋಟಾರ್ ಹಾಕಿ, ಚೀಲವನ್ನು ಸ್ವಲ್ಪ ಹೊತ್ತು ನೀರಿನ ಮೇಲೆ ತೇಲಿಸಿ, ಆಮೇಲೆ ಬಿಚ್ಚಿ ಬಿಟ್ಟೆ.

ಮೀನು ಗಾಜಿನ ಹತ್ತಿರ ಬಂದು ಮಾವನನ್ನು ದುರುಗುಟ್ಟಿ ನೋಡಿತು.

"ಲೇ, ಇವ್ನು ನನ್ನ ವಿಚಾರಣೆ ಮಾಡೋಕೆ ಬಂದಿರೋ ಇನ್ಸ್‌ಪೆಕ್ಟರ್ ಕಣೇ" ಎಂದರು ಮಾವ. ತುಂಬ ದಿನಗಳ ಮೇಲೆ ನಕ್ಕರು. ಹೆಸರು ಅದೇ ಆಯಿತು. ಸಂಬಂಧವಿಲ್ಲದವರಂತೆ ಆಮೇಲೆ ಕೇಳಿದರು, "ದೃಷ್ಟಿ ಮೀನಾ?"

"ಓನರ್ ಕೊಟ್ರು. ನನಗೆ ಇದ್ರಲ್ಲೆಲ್ಲ ನಂಬ್ಕೆ ಇಲ್ಲಪ್ಪ" ಎಂದೆ.

ಜೂನ್ 29, ಭಾನುವಾರ

ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲ. ಅಷ್ಟರಲ್ಲಿ ಒಬ್ಬಾತ ಬಂದು ತನ್ನ ಕಪ್ಪು ಮೀನು ಹೋದ ವಾರ ಸತ್ತಿತು, ಅಂಥದ್ದೇ ಇನ್ನೊಂದು ಬೇಕು ಎಂದ. ಎಂದಿನ ಸಮಾಧಾನ ಹೇಳಿದೆ. ಆತ ತಲೆಯಾಡಿಸಿದ: "ನಿಜ ಅಕ್ಕಾ. ಅವತ್ತೇ ನಮ್ಮಪ್ಪಂಗೆ ಹಾರ್ಟ್ ಆಪರೇಷನ್. ಉಳಿಯಲ್ಲ ಅಂದಿದ್ರು. ಈಗ ಎದ್ದು ಕೂತು ಕಾಫಿ ಕೇಳ್ತಾರೆ."

"ಅವತ್ತೇನಾ? ಮೀನು ಮೊದ್ಲು ಸತ್ತಿದ್ದಾ, ಆಪರೇಷನ್ ಮೊದ್ಲಾ?" ಎಂದು ಕೇಳಿದೆ. ಹಿಂದೆ ಇಬ್ಬರು ಗಿರಾಕಿಗಳು ಕೂಗುತ್ತಿದ್ದರು.

"ಬೆಳಿಗ್ಗೆ ಮೀನು ಹೋಯ್ತು, ಮಧ್ಯಾಹ್ನ ಆಪರೇಷನ್."

ಹೊಸ ಮೀನು ಕಟ್ಟಿಕೊಟ್ಟೆ. ಆತ ಹೋದ ಮೇಲೆ ದನಪಾಲ್ ಅಣ್ಣ, "ಇದೇನು ಅಂಜಲೈ, ನೀರು ಬದಲಾಯಿಸಿದ್ರಾ ಅಂತ ಕೇಳದೆ ಬಿಟ್ಬಿಟ್ಟೆ?" ಎಂದರು. ಗದ್ದಲದಲ್ಲಿ ಮರೆತಿರಬೇಕು.

ಜುಲೈ 4, ಶುಕ್ರವಾರ

ಸುಸ್ತು. ಈ ವಾರ ಇನ್ಸ್‌ಪೆಕ್ಟರನ ನೀರು ಬದಲಾಯಿಸಲು ಆಗಲಿಲ್ಲ. ಗಾಳಿ ಮೋಟಾರಿನ ಗುಂಯ್ ಸದ್ದಿಗೆ ಮಾವನಿಗೆ ಹಗಲು ನಿದ್ದೆ ಬರುವುದಿಲ್ಲ ಎಂದು ಕೆಲಸಕ್ಕೆ ಹೊರಡುವಾಗ ಆಫ್ ಮಾಡಿ ಹೋಗುತ್ತಿದ್ದೇನೆ. ಅವರೇನೂ ಹಾಗೆ ಹೇಳಲಿಲ್ಲ. ನನಗೇ ಅನ್ನಿಸಿತು.

ಜುಲೈ 12, ಶನಿವಾರ

ಮಾವನ ಜೊತೆ ಜಗಳವಾಯಿತು. ಕುಡಿಯುವ ನೀರಿನ ಬಿಂದಿಗೆ ಅರ್ಧಕ್ಕೆ ಇಳಿದಿತ್ತು. ಬೆಳಿಗ್ಗೆ ನಾನೇ ತುಂಬಿಟ್ಟು ಹೋಗಿದ್ದೆ. ಅವರಿಗೆಂದು ಅಳೆದು ಬೇರೆ ಇಟ್ಟಿದ್ದ ಚೊಂಬೂ ಖಾಲಿ.

"ಕದ್ದು ನೀರು ಕುಡಿದ್ರಾ?"

"ಇಲ್ಲ."

"ಅಂಗಿ ತೋಳು ಒದ್ದೆ, ನೆಲ ಒದ್ದೆ. ಇನ್ಯಾರು ಕುಡಿದ್ರು? ಇನ್ಸ್‌ಪೆಕ್ಟ್ರಾ?"

"ಅವನೇ ಕುಡಿದಿರ್ಬೇಕು. ಸರ್ಕಾರಿ ನೌಕರ, ಅವರ ಬಾಯಾರಿಕೆ ಅಷ್ಟು ಸುಲಭಕ್ಕೆ ಹೋಗಲ್ಲ" ಎಂದು ನಗಾಡಿದರು.

ನನಗೆ ತಡೆಯಲಾಗಲಿಲ್ಲ. "ನಿಮ್ಮ ಹೊಟ್ಟೆ ನೋಡ್ಕೊಳ್ಳಿ. ಮತ್ತೆ ಕೊಡದ ಹಾಗಾಗಿದೆ. ಆ ಸೂಜಿ ಚುಚ್ಚೋವಾಗ ಹಲ್ಲು ಕಚ್ಚೋದು ನೀವು, ಹೊರಗೆ ನಿಂತು ಸಾಯೋದು ನಾನು" ಎಂದು ಕೂಗಾಡಿದೆ. ಪಕ್ಕದ ಮನೆಯ ಕಿಟಕಿ ತೆರೆಯಿತು. ಮಾವ ಒದ್ದೆ ತೋಳನ್ನು ಮಡಚಿಕೊಂಡರು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಕದ್ದು ಅಷ್ಟೊಂದು ನೀರು ಕುಡಿದವರ ತುಟಿ ಹಾಗೇಕಿತ್ತು ಎಂದು ಈಗ ಬರೆಯುವಾಗ ಹೊಳೆಯುತ್ತಿದೆ. ಕಾಯಿಲೆಯೇ ಹಾಗೇನೋ.

ಜುಲೈ 18, ಶುಕ್ರವಾರ

ದೇವಿಗೆ ಮೀಸಲಾದ ಆಡಿ ತಿಂಗಳ ಮೊದಲ ಶುಕ್ರವಾರ. ಬೀದಿ ಕೊನೆಯ ಅಮ್ಮನವರ ಗುಡಿಯಲ್ಲಿ ರಾಗಿ ಗಂಜಿ ಹಂಚುತ್ತಿದ್ದರು. ಸಾಲಲ್ಲಿ ನಿಂತು ಪಾತ್ರೆಯಲ್ಲಿ ಹಾಕಿಸಿಕೊಂಡು ಬಂದೆ. ಮಾವ ಎರಡು ಗುಟುಕು ಕುಡಿದು ಸಾಕೆಂದರು. ಕೆನ್ನೆ ಬತ್ತಿದೆ, ಕಾಲು ಊದಿದೆ.

ಇನ್ಸ್‌ಪೆಕ್ಟರ್ ಮಿಂಚುತ್ತಿದ್ದಾನೆ. ಇದು ಅರ್ಥವೇ ಆಗುತ್ತಿಲ್ಲ. ಗುಬುಟುಗಣ್ಣಿನ ಈ ಜಾತಿ ತುಂಬ ನಾಜೂಕು. ಅಂಗಡಿಯಲ್ಲಿ ಅರ್ಧ ದಿನ ಕರೆಂಟ್ ಹೋದರೆ ಬಾಯಿ ಮೇಲೆ ಮಾಡಿಕೊಂಡು ಒದ್ದಾಡುತ್ತವೆ. ತಿನಿಸಿನ ಕಾಳನ್ನೂ ಜಾಸ್ತಿಯೇ ಹಾಕುತ್ತಿದ್ದೇನೆ, ತಿನ್ನಲಿ ಪಾಪ ಎಂದು, ಹಿಡಿ ತುಂಬ. ಸಂಜೆ ಬಂದು ನೋಡಿದರೆ ತಳದಲ್ಲಿ ಒಂದು ಕಾಳೂ ಇರುವುದಿಲ್ಲ. ನೀರಿಗೆ ಒಂದು ಚೂರು ವಾಸನೆಯಿಲ್ಲ.

ಗುಡಿಯಲ್ಲಿ ಏನು ಬೇಡಿಕೊಂಡೆ ಎಂದು ಬರೆಯುವುದಿಲ್ಲ.

ಜುಲೈ 23, ಬುಧವಾರ

ಮತ್ತೆ ಹೊಟ್ಟೆಯಿಂದ ನೀರು ತೆಗೆಸಿದೆವು. ಆಟೋದಲ್ಲಿ ನನ್ನ ಹೆಗಲ ಮೇಲೆ ಮಲಗಿದ್ದರು. ಏನೇನೂ ಭಾರವಿಲ್ಲ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರ ತೋರಿಸಿದವರು.

ಮೀನು ಚೆನ್ನಾಗಿದೆ.

ಜುಲೈ 27, ಭಾನುವಾರ

ವಯಸ್ಸಾದವರೊಬ್ಬರು ಬಂದಿದ್ದರು. ಅವರ ಕಪ್ಪು ಮೀನು ಸತ್ತಿತ್ತು. ಮಗಳಿಗೆ ಹೆರಿಗೆ ಕಷ್ಟವಾಗಿತ್ತಂತೆ, ತಾಯಿ ಮಗು ಇಬ್ಬರೂ ಉಳಿದರಂತೆ. ನಾನು ಅವರ ಕೈ ಹಿಡಿದುಕೊಂಡೆ.

"ಮೀನು ಹೇಗೆ ಸತ್ತಿತು ತಾತಾ? ನೀವೇನು ಮಾಡಿದ್ರಿ?"

"ನಾನೇನಮ್ಮ ಮಾಡ್ಲಿ? ಟ್ಯಾಂಕ್ ಕೊಳಕಾಗಿತ್ತು, ಪೂರ್ತಿ ಚೆಲ್ಲಿ ಲಾರಿ ನೀರು ಹಿಡಿದು ತುಂಬ್ದೆ. ಒಂದು ಗಂಟೇಲಿ ಅಂಗಾತ."

ಪೂರ್ತಿ ನೀರು ಒಂದೇ ಸಲ ಚೆಲ್ಲಬಾರದು, ಹೊಸ ನೀರನ್ನು ಒಂದು ದಿನ ಬಿಟ್ಟು ಹಾಕಬೇಕು. ಹೇಳಬೇಕಿತ್ತು. ಹೊಸ ಮೀನನ್ನು ಕಟ್ಟಿಕೊಟ್ಟೆ. ಅವರು ಹೋದರು. ದನಪಾಲ್ ಅಣ್ಣ ದೂರದಿಂದ ನೋಡುತ್ತಿದ್ದರು. "ಒಂದು ವಾರ ಮನೇಲಿರಮ್ಮ" ಎಂದರು. ಮನೆಯಲ್ಲಿದ್ದು ಏನು ಮಾಡಲಿ?

ನಾಳೆ ನಮ್ಮ ಬೀದಿಗೆ ನೀರಿನ ಲಾರಿ ಬರುತ್ತದೆ. ಇನ್ಸ್‌ಪೆಕ್ಟರನ ತೊಟ್ಟಿ ಪೂರ್ತಿ ತೊಳೆದುಬಿಡಬೇಕು. ಕೊಳಕಾಗಿದೆ.

ಜುಲೈ 28, ಸೋಮವಾರ

ಬೆಳಿಗ್ಗೆ ಲಾರಿಯಿಂದ ನಾಲ್ಕು ಕೊಡ ಹಿಡಿದು ತಂದೆ. ಮೀನನ್ನು ಮಗ್ಗಿಗೆ ತೆಗೆದು ತೊಟ್ಟಿ ತೊಳೆದು, ಹೊಸ ನೀರು ತುಂಬಿ, ಅದನ್ನು ವಾಪಸ್ಸು ಬಿಟ್ಟೆ. ಮಾವ ಹಾಸಿಗೆಯಿಂದಲೇ ನೋಡುತ್ತಿದ್ದರು. ನೀರಿನಿಂದ ಔಷಧಿಯ ಘಾಟು ಬರುತ್ತಿತ್ತು. "ಬಾಗಿಲು ಹಾಕ್ಕೊಂಡು ಹೋಗ್ತೀನಿ ಮಾವ" ಎಂದೆ. ಹೂಂ ಎಂದರು.

ಅಂಗಡಿಗೆ ಹೋದೆ. ಒಬ್ಬರು ಗಪ್ಪಿ ಮೀನು ಕೇಳಿದರೆ ಮೋಲಿ ಮೀನು ಕಟ್ಟಿದೆ. ಸ್ವಲ್ಪ ಹೊತ್ತಿಗೇ ತಲೆನೋವು ಎಂದು ಹೇಳಿ ಹೊರಟೆ. ದಾರಿಯುದ್ದಕ್ಕೂ ಓಡುತ್ತಲೇ ಬಂದೆ. ಭಯದಿಂದಲ್ಲ. ಒಳ್ಳೆ ಸುದ್ದಿ ಕೇಳಲು ಹೋಗುವವಳ ಹಾಗೆ ಹೋಗುತ್ತಿದ್ದೆ.

ಬಾಗಿಲು ತೆಗೆದರೆ ಮಾವ ಹಾಸಿಗೆಯಲ್ಲಿಲ್ಲ. ತೊಟ್ಟಿಯ ಮುಂದೆ ನೆಲದ ಮೇಲೆ ಕುಳಿತು, ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದರು. ಅಂಗಿಯೆಲ್ಲ ಒದ್ದೆ. ತೊಟ್ಟಿ ಖಾಲಿ. ಪಕ್ಕದಲ್ಲಿ ಕುಡಿಯುವ ನೀರಿನ ಬಿಂದಿಗೆ, ಅದರೊಳಗೆ ಕಪ್ಪು ಬಾಲ ಆಡುತ್ತಿತ್ತು.

"ಬಂದ್ಯಾ?" ಎಂದರು. "ಕುಡಿಯೋ ನೀರು ಇವತ್ತು ಬೇರೆ ತರ್ಬೇಕು ಕಣೇ. ಇದರಲ್ಲಿ ಇನ್ಸ್‌ಪೆಕ್ಟರ್ ಇದ್ದಾನೆ."

ನಾನು ಬಿಂದಿಗೆಯೊಳಗೆ ಬಗ್ಗಿ ನೋಡಿದೆ.

"ದಿನಾ ಇದೇ ಕೆಲ್ಸನಾ?" ಎಂದೆ.

"ಇನ್ನೇನು ಕೆಲ್ಸ ನಂಗೆ? ನೀನು ಮೋಟಾರ್ ಆಫ್ ಮಾಡಿ ಹೋಗ್ತೀಯ, ನಾನು ಹಾಕ್ತೀನಿ. ನೀನು ಹಿಡಿ ಕಾಳು ಸುರೀತೀಯ, ನಾನು ಜರಡೀಲಿ ಎತ್ತಿ ಬಿಸಾಕ್ತೀನಿ. ಒಂದೊಂದು ಮಗ್ ನೀರು ತೆಗೀತೀನಿ, ಒಂದೊಂದು ಮಗ್ ಬಿಂದಿಗೇದು ಹಾಕ್ತೀನಿ. ಸಾಲ್ದಿದ್ರೆ ನನ್ನ ಚೊಂಬಿಂದೂ."

"ನಿಮ್ಮ ಚೊಂಬಿಂದಾ! ಅದನ್ನ ಕುಡೀಲಿಲ್ವಾ? ನಾನು ಅಷ್ಟು ಬೈದೆ, ಆಗ್ಲಾದ್ರೂ ಹೇಳ್ಬಾರ್ದಾಗಿತ್ತಾ?"

"ಏನಂತ ಹೇಳ್ಲಿ? ನೀನು ಸಾಯಿಸ್ತಿದ್ದೀಯ, ನಾನು ಉಳಿಸ್ತಿದ್ದೀನಿ ಅಂತಾನಾ?"

"ನಾನೇನೂ ಮಾಡಿಲ್ಲ ಮಾವ. ಕೆಲ್ಸದ ಗಡಿಬಿಡೀಲಿ ನೆನಪು ಹೋಯ್ತು, ಅಷ್ಟೇ" ಎಂದೆ. ಈ ಡೈರಿಯಲ್ಲೂ ಹಾಗೇ ಬರೆದಿದ್ದೇನೆ. ಹಿಂದಿನ ಪುಟಗಳನ್ನು ತಿರುವಿ ನೋಡಲು ಧೈರ್ಯವಿಲ್ಲ.

ಮಾವ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು. ಆ ಅರಿಶಿನ ಕಣ್ಣುಗಳಲ್ಲಿ ಕೋಪವಿದ್ದಿದ್ದರೆ ಸಹಿಸಬಹುದಿತ್ತು.

"ಡಾಕ್ಟ್ರು ನಿಂಗೆ ವರಾಂಡದಲ್ಲಿ ಏನು ಹೇಳಿದ ಅಂತ ನಿನ್ನ ಮುಖ ನೋಡಿದ್ರೇ ಗೊತ್ತಾಯ್ತು. ನಾನು ಟ್ಯಾಂಕ್ ಕಟ್ಟೋನು ಅಂಜಲೈ. ಸೋರೋ ಟ್ಯಾಂಕನ್ನ ಗಟ್ಟಿ ಅಂತ ಯಾರಿಗೂ ಮಾರಿಲ್ಲ. ಇದು ಸೋರ್ತಿದೆ" ಎಂದು ಹೊಟ್ಟೆ ತಟ್ಟಿದರು. "ಇವ್ನು ಸತ್ತ ಅಂತಿಟ್ಕೋ. ನೀನೇನು ಮಾಡ್ತೀಯ? ಕಂಟಕ ಹೋಯ್ತು ಅಂತ ಬೀದಿಗೆಲ್ಲ ಲಡ್ಡು ಹಂಚ್ತೀಯ. ಆಮೇಲೆ ನಾನೂ ಹೋಗ್ತೀನಿ. ಆವಾಗ ನೀನು ಎರಡು ಸಲ ಅಳ್ಬೇಕಾಗುತ್ತೆ. ಒಂದು ಸಲ ಸಾಕು ಕಣೇ."

ನಾನು ಅವರ ಬಾಯಿ ಮುಚ್ಚಲು ಹೋದೆ. ಕೈ ಸರಿಸಿದರು.

"ಇನ್ನೊಂದು ಮಾತು. ಮಕ್ಕಳಿಲ್ಲ ನಮ್ಗೆ. ನೀನು ಅಂಗಡಿಯಿಂದ ಬಂದು ಬೀಗ ತೆಗೆದಾಗ ಒಳಗೆ ಯಾವ್ದಾದ್ರೂ ಒಂದು ಜೀವ ಹಸ್ಕೊಂಡು ನಿನಗೋಸ್ಕರ ಕಾಯ್ತಿರ್ಬೇಕು. ಇಲ್ದಿದ್ರೆ ನೀನು ಬೀಗಾನೇ ತೆಗೆಯಲ್ಲ. ನಂಗೊತ್ತು ನಿನ್ನ."

ಬಿಂದಿಗೆಯೊಳಗೆ ಇನ್ಸ್‌ಪೆಕ್ಟರ್ ಸುತ್ತು ಹಾಕುತ್ತಿದ್ದ. ನಾನು ನೆಲದ ಮೇಲೇ ಮಲಗಿ, ಅವರ ಒದ್ದೆ ಅಂಗಿಯಲ್ಲಿ ಮುಖವಿಟ್ಟು ಅತ್ತೆ. ನನಗೆ ನನ್ನ ಮಾವ ಬೇಕು. ಇದಕ್ಕಿಂತ ಹೆಚ್ಚಿಗೆ ಏನೂ ಬರೆಯಲು ತೋಚುತ್ತಿಲ್ಲ.

ಆಗಸ್ಟ್ 3, ಭಾನುವಾರ

ಆಡಿ ಹದಿನೆಂಟು. ನದಿ ನೀರಿಗೆ ಪೂಜೆ ಮಾಡುವ ದಿನ. ನಮಗೆ ಯಾವ ನದಿ? ನಿಂಬೆ ಚಿತ್ರಾನ್ನ, ಮೊಸರನ್ನ ಮಾಡಿದೆ. ಮಾವನದು ಉಪ್ಪಿಲ್ಲದ್ದು. "ನದಿ ಇಲ್ದಿದ್ರೆ ಏನಂತೆ, ಇನ್ಸ್‌ಪೆಕ್ಟರ್ ಸಾಹೇಬ್ರ ನೀರಿಗೇ ಮಾಡು" ಎಂದರು. ಮಾಡಿದೆ. ತೊಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಒಂದು ಹೂ ಸಿಕ್ಕಿಸಿದೆ. ಹಾಸಿಗೆಯನ್ನು ತೊಟ್ಟಿಯ ಪಕ್ಕಕ್ಕೇ ಎಳೆದಿದ್ದೇನೆ. ಮಾವ ಬೆರಳ ತುದಿಯಲ್ಲಿ ಒಂದೊಂದೇ ಕಾಳು ಹಿಡಿಯುತ್ತಾರೆ, ಮೀನು ಬಂದು ಬೆರಳಿಗೆ ಮುತ್ತಿಟ್ಟ ಹಾಗೆ ಎತ್ತಿ ತಿನ್ನುತ್ತದೆ. ಗಾಜು ಕೊಯ್ದ ಆ ಬೆರಳು ಈಗ ನಡುಗುತ್ತದೆ.

"ನಾನು ಹೋದ್ಮೇಲೆ ಬೊಟ್ಟು ತೆಗೀಬೇಡ. ನಿನ್ನ ಹಣೇಗೆ ಮೊದ್ಲ ಬೊಟ್ಟಿಟ್ಟಿದ್ದೂ ನಾನೇ, ನಿನ್ನ ತೊಟ್ಟಿಲಲ್ಲಿ" ಎಂದರು.

ಆಗಸ್ಟ್ 10, ಭಾನುವಾರ

ಮಾವ ನಿನ್ನೆ ಹೋದರು. ಬೆಳಿಗ್ಗೆ, ನಾನು ಹಾಲು ಕಾಯಿಸುತ್ತಿದ್ದಾಗ.

ಆಗಸ್ಟ್ 21, ಗುರುವಾರ

ಅಮ್ಮ ಇಲ್ಲೇ ಇದ್ದಾಳೆ. ಅವಳಿಗೆ ಹೋಗಿದ್ದು ಒಬ್ಬನೇ ತಮ್ಮ, ನನಗೆ ಗಂಡ. ಇಬ್ಬರೂ ಒಂದೇ ಹೆಣಕ್ಕೆ ಅತ್ತೆವು, ಯಾರು ಯಾರನ್ನು ಸಮಾಧಾನ ಮಾಡಬೇಕೋ ತಿಳಿಯಲಿಲ್ಲ.

ಇವತ್ತು ತೊಟ್ಟಿಯ ಕಡೆ ಬೆರಳು ತೋರಿಸಿ, "ಈ ಶನಿನ ಕೆರೆಗೆ ಬಿಟ್ಟು ಬಾ. ತಿಂದು ತಿಂದು ಕೊಬ್ಬಿದೆ. ನನ್ನ ತಮ್ಮನ ಕಂಟಕಾನ ತಗೊಳ್ಳೋಕೆ ಆಗ್ಲಿಲ್ಲ ಇದಕ್ಕೆ" ಎಂದಳು.

"ಅದನ್ನ ಮಾವನೇ ಬದುಕ್ಸಿದ್ದು ಅಮ್ಮ."

"ಹಂಗಂದ್ರೆ?"

ಹೇಳಲಿಲ್ಲ. ಹೇಳಿದರೆ ಮೊದಲಿನಿಂದ ಹೇಳಬೇಕು. ಅವಳು ಬೊಟ್ಟಿನ ವಿಷಯಕ್ಕೂ ಗೊಣಗಿದಳು, ಜನ ಏನಂತಾರೆ ಎಂದು. ನಿನ್ನ ತಮ್ಮನನ್ನೇ ಕೇಳು ಎಂದೆ. ಆಮೇಲೆ ಇಬ್ಬರೂ ಮತ್ತೆ ಅತ್ತೆವು.

ಸೆಪ್ಟೆಂಬರ್ 8, ಸೋಮವಾರ

ಅಮ್ಮನನ್ನು ಊರಿನ ಬಸ್ಸಿಗೆ ಹತ್ತಿಸಿ ಇವತ್ತಿನಿಂದ ಅಂಗಡಿಗೆ ಹೋದೆ. ದನಪಾಲ್ ಅಣ್ಣ ನನ್ನ ಸ್ಟೂಲು ಒರೆಸಿ ಇಟ್ಟರು. ತೊಟ್ಟಿಗಳನ್ನು ನೋಡುತ್ತ ನಿಂತೆ. ಇವುಗಳಲ್ಲಿ ಅರ್ಧಕ್ಕರ್ಧ ಮಾವ ಕಟ್ಟಿದವು.

ಮಧ್ಯಾಹ್ನ ಮಂಗೈ ಓಡುತ್ತ ಬಂದಳು. ತಲೆ ಕೆದರಿತ್ತು, ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ. ಇಡ್ಲಿ ಗಾಡಿ ನಿಲ್ಲಿಸಿ ತಿಂಗಳಾಯಿತಂತೆ. ತವರಿನ ಕಡೆ ಹೋಗಿದ್ದಾಗ ಮಗನಿಗೆ ಜ್ವರ ಬಂದು, ಈಗ ಇಲ್ಲಿ ದೊಡ್ಡಾಸ್ಪತ್ರೆಯಲ್ಲಿ ಇಟ್ಟಿದ್ದಾರಂತೆ. ರಕ್ತದಲ್ಲಿ ಏನೋ ಇಳಿಯುತ್ತಿದೆಯಂತೆ.

"ಅಕ್ಕಾ, ಒಂದು ದೃಷ್ಟಿ ಮೀನು ಕೊಡಿ. ಬೇಗ..." ಎಂದವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಬೇಗ ಸಾಯೋ ಅಂಥದ್ದು ಕೊಡಿ."

ಕಪ್ಪು ಮೀನುಗಳ ತೊಟ್ಟಿಯ ಮುಂದೆ ನಾವಿಬ್ಬರೂ ನಿಂತಿದ್ದೆವು. ಎಷ್ಟು ಸುಲಭ, ಬಲೆ ಹಾಕಿ ಒಂದನ್ನು ಎತ್ತಿಕೊಟ್ಟರಾಯಿತು.

"ಮೀನು ಏನೂ ತಗೊಳ್ಳಲ್ಲ ಮಂಗೈ" ಎಂದೆ. "ಅದಕ್ಕೆ ಹೊಟ್ಟೆಗೆ ಕಾಳು ಬೇಕು, ಒಳ್ಳೇ ನೀರು ಬೇಕು. ಅಷ್ಟು ಬಿಟ್ಟು ಪಾಪ ಅದಕ್ಕೆ ಬೇರೇನೂ ತಿಳಿಯಲ್ಲ."

"ಹಂಗನ್ಬೇಡಿ ಅಕ್ಕಾ! ಅವತ್ತು ನೀವೇ ಹೇಳಿದ್ರಿ. ನಿಮ್ಮನೇಲೂ ತಂದಿಟ್ಕೊಂಡಿದ್ದೀರ ಅಂತ ಓನರ್ ಹೇಳಿದ್ರಲ್ಲ. ಅದು ಸತ್ತೋಯ್ತಾ?"

"ಇಲ್ಲ. ಬದುಕಿದೆ."

"ನೋಡಿದ್ರಾ! ಹಂಗಾದ್ರೆ ನಿಮ್ಮನೇಲಿ ಯಾವ ಕಂಟಕಾನೂ ಇಲ್ಲ. ಅಣ್ಣ ಚೆನ್ನಾಗಿದ್ದಾರೆ ತಾನೇ?"

ಅವಳು ನನ್ನ ಹಣೆಯ ಬೊಟ್ಟನ್ನು ನೋಡುತ್ತಿದ್ದಳು. ಅವಳ ಮಗ ಆಸ್ಪತ್ರೆಯಲ್ಲಿದ್ದಾನೆ. ಅವಳಿಗೆ ಈಗ ಸಾವಿನ ಸುದ್ದಿ ಕೊಡುವುದು ಹೇಗೆ? ಹೂಂ ಎಂದು ತಲೆಯಾಡಿಸಿದೆ. ಹಿಂದೆ ದನಪಾಲ್ ಅಣ್ಣ ಮುಖ ಆ ಕಡೆ ತಿರುಗಿಸಿ ಯಾವುದೋ ತೊಟ್ಟಿಯ ಗಾಜನ್ನು ಒರೆಸತೊಡಗಿದರು.

ಎಲ್ಲಕ್ಕಿಂತ ಚುರುಕಾಗಿ ಈಜುತ್ತಿದ್ದ ಕಪ್ಪು ಮೀನೊಂದನ್ನು ಹಿಡಿದು ಸಣ್ಣ ತೊಟ್ಟಿಗೆ ಬೇರೆ ಬಿಟ್ಟೆ. "ಇದು ನಿನ್ನ ಮಗಂದು. ಇವತ್ತು ಕೊಡಲ್ಲ. ಅವನಿಗೆ ವಾಸಿಯಾದ ಮೇಲೆ ಅವನನ್ನೇ ಕರ್ಕೊಂಡು ಬಾ, ಅವನ ಕೈಗೇ ಕೊಡ್ತೀನಿ. ಅಲ್ಲೀವರೆಗೆ ಇದನ್ನ ಸಾಯೋಕೆ ಬಿಡಲ್ಲ. ಈಗ ನೀನು ಇಲ್ಲಿ ನಿಂತ್ಕೋಬೇಡ, ಅವನ ಪಕ್ಕ ಹೋಗಿ ಕೂತ್ಕೋ. ಇಂಥ ಮೀನು ನಿನಗೋಸ್ಕರ ಕಾಯ್ತಿದೆ ಅಂತ ಅವನಿಗೆ ಹೇಳು."

"ಇಡ್ಲಿ ಹಾಕಲ್ಲ ಅಕ್ಕಾ" ಎಂದಳು. ಅಳುತ್ತಲೇ ಓಡಿದಳು.

ಹುಡುಗ ಉಳಿಯುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಮಂಗೈಗೆ ಎರಡು ಸಲ ಅಳುವ ಹಾಗೆ ಮಾಡಲಿಲ್ಲ, ಅಷ್ಟೇ. ಒಂದು ಸಲ ಸಾಕು ಎಂದಿದ್ದರು ಮಾವ. ಅದು ಗಿರಾಕಿಗೆ ಹೇಳುವ ಸಮಾಧಾನದಂಥದ್ದೇ ಮಾತು. ಒಂದು ಸಲಕ್ಕೆ ಎಲ್ಲಿ ಮುಗಿಯುತ್ತದೆ?

ಸಂಜೆ ಮನೆಗೆ ಬಂದು ಬಾಗಿಲ ಮುಂದೆ ನಿಂತೆ. ಬೀಗದ ಕೈ ಕೈಯಲ್ಲೇ ಇತ್ತು. ಅಮ್ಮ ಹೋಗಿದ್ದಾಳೆ, ಒಳಗೆ ಯಾರೂ ಇಲ್ಲ. ಹಾಗೇ ತಿರುಗಿ ಎಲ್ಲಿಗಾದರೂ ಹೋಗಿಬಿಡೋಣ ಅನ್ನಿಸಿತು. ಬೆಳಿಗ್ಗೆ ಗಡಿಬಿಡಿಯಲ್ಲಿ ಕಾಳು ಹಾಕಿರಲಿಲ್ಲ ಎಂದು ನೆನಪಾಯಿತು. ಬೀಗ ತೆಗೆದೆ.

ಇನ್ಸ್‌ಪೆಕ್ಟರ್ ಗಾಜಿಗೆ ಬಂದು ನಿಂತಿದ್ದ. ನನ್ನ ಕಡೆಗಲ್ಲ, ಮಾವನ ಹಾಸಿಗೆ ಇದ್ದ ಕಡೆಗೆ. ಅಲ್ಲಿಂದಲೇ ಬೆರಳು ಬರುವುದೆಂದು ಅವನಿಗೆ ಅಭ್ಯಾಸ. ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಕಾಯುತ್ತಿದ್ದ.

"ಅವರಿಲ್ಲ ಕಣೋ. ಸತ್ತೋದ್ರು" ಎಂದೆ. ಇಷ್ಟು ದಿನದಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಆಮೇಲೆ ಮಾವ ಕೂರುತ್ತಿದ್ದ ಕಡೆ ಕೂತು, ಬೆರಳ ತುದಿಯಲ್ಲಿ ಒಂದು ಕಾಳು ಹಿಡಿದೆ. ಸ್ವಲ್ಪ ಹೊತ್ತು ನೋಡಿ, ಬಂದು ತಿಂದ.